ಸಿದ್ಧ ಮಾದರಿಯ ಕಾಮಗಾರಿ ಕರಾರು: ಮುಂಬೈ, ಪುಣೆ, ಗೋವಾದ ಕನ್ನಡಿಗ ಗುತ್ತಿಗೆದಾರರಿಗೆ ಮಾರ್ಗದರ್ಶಿ

ಮುಂಬೈ, ಪುಣೆ ಮತ್ತು ಗೋವಾದಲ್ಲಿ ನಡೆಯುವ ಮೆಟ್ರೊ, ಸೇತುವೆ, ರಸ್ತೆ, ಒಳಚರಂಡಿ ಕಾಮಗಾರಿಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳದ ಸೈಟ್ ಸಿಗುವುದು ಕಷ್ಟ. ಕಲಬುರಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಕೂಲಿಗೆಂದು ಬಂದವರಲ್ಲಿ ಹಲವರು ಮೇಸ್ತ್ರಿಗಳಾಗಿದ್ದಾರೆ, ಮೇಸ್ತ್ರಿಗಳು ಉಪಗುತ್ತಿಗೆದಾರರಾಗಿದ್ದಾರೆ, ಕೆಲವರು ಸ್ವಂತ ಹೆಸರಿನಲ್ಲೇ ಟೆಂಡರ್ ಹಾಕುವ ಮಟ್ಟಕ್ಕೆ ಬೆಳೆದಿದ್ದಾರೆ. ಕೆಲಸದ ವಿಷಯದಲ್ಲಿ ಇವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಆದರೆ ಕರಾರಿನ ಪ್ರತಿ ಸಹಿಯಾದ ದಿನ ಬೀರು ಸೇರಿದರೆ ಮತ್ತೆ ಹೊರಬರುವುದು ಬಿಲ್ ತಡೆಹಿಡಿದಾಗ ಅಥವಾ ವಿಳಂಬಕ್ಕೆ ದಂಡ ಹಾಕಿದ ಪತ್ರ ಬಂದಾಗ. ಅಷ್ಟು ಹೊತ್ತಿಗೆ, ಹಣ ಕೇಳಲು ಆ ಕರಾರೇ ಕೊಟ್ಟಿದ್ದ ಗಡುವು ಮುಗಿದುಹೋಗಿರುತ್ತದೆ. ಕೆಲಸ ಚೆನ್ನಾಗಿ ಮಾಡಿಯೂ, ಸಕಾಲಕ್ಕೆ ಒಂದು ಪುಟದ ಪತ್ರ ಬರೆಯದ ಕಾರಣಕ್ಕೆ ಲಕ್ಷಗಟ್ಟಲೆ ಕಳೆದುಕೊಳ್ಳುವುದು ನೋಡಲಾಗದ ಸಂಗತಿ. ಅದನ್ನು ತಪ್ಪಿಸುವ ಕ್ರಮವನ್ನು ಟೆಂಡರ್ ಹಂತದಿಂದ ಅಂತಿಮ ಬಿಲ್‌ವರೆಗೆ ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

1. ನಿಮ್ಮ ಕೈಯಲ್ಲಿರುವುದು ಯಾವ ಮಾದರಿ ಎಂದು ಗುರುತಿಸಿ

ಸರ್ಕಾರಿ ಇಲಾಖೆಗಳಾಗಲಿ, ಮೆಟ್ರೊ ನಿಗಮಗಳಾಗಲಿ ಪ್ರತಿ ಕಾಮಗಾರಿಗೂ ಹೊಸದಾಗಿ ಕರಾರು ಬರೆಯುವುದಿಲ್ಲ. ಮೊದಲೇ ಅಚ್ಚಾಗಿರುವ ಸಾಮಾನ್ಯ ಷರತ್ತುಗಳಿಗೆ ಆ ಕಾಮಗಾರಿಯ ವಿಶೇಷ ಷರತ್ತುಗಳನ್ನು ಸೇರಿಸಿ ಟೆಂಡರ್ ಕರೆಯುತ್ತವೆ. ಮಹಾರಾಷ್ಟ್ರ ಲೋಕೋಪಯೋಗಿ ಇಲಾಖೆಯಲ್ಲಿ ಬಿ-1 ಮತ್ತು ಬಿ-2 ನಮೂನೆಗಳಿವೆ. ಮೊದಲನೆಯದರಲ್ಲಿ ಅಂದಾಜು ಮೊತ್ತದ ಮೇಲೆ ಶೇಕಡಾವಾರು ಹೆಚ್ಚು ಅಥವಾ ಕಡಿಮೆ ಎಂದು ದರ ಹಾಕಬೇಕು; ಎರಡನೆಯದರಲ್ಲಿ ಐಟಂವಾರು ದರ. ಗೋವಾದ ಇಲಾಖಾ ಟೆಂಡರ್‌ಗಳು ಬಹುಮಟ್ಟಿಗೆ ಕೇಂದ್ರ ಲೋಕೋಪಯೋಗಿ ಇಲಾಖೆಯ, ಅಂದರೆ ಸಿಪಿಡಬ್ಲ್ಯುಡಿಯ ಜಾಡಿನಲ್ಲಿ ಸಾಗುತ್ತವೆ. ವಿದೇಶಿ ಸಾಲದಿಂದ ನಡೆಯುವ ದೊಡ್ಡ ಯೋಜನೆಗಳಲ್ಲಿ ಫಿಡಿಕ್ ಷರತ್ತುಗಳು ಬರುತ್ತವೆ. 1913ರಲ್ಲಿ ಹುಟ್ಟಿದ ಸಲಹಾ ಎಂಜಿನಿಯರುಗಳ ಈ ಅಂತರರಾಷ್ಟ್ರೀಯ ಒಕ್ಕೂಟ 1957ರಲ್ಲಿ ಕೆಂಪು ಪುಸ್ತಕವೆಂದು ಕರೆಯುವ ತನ್ನ ಮಾದರಿ ಷರತ್ತುಗಳ ಮೊದಲ ಆವೃತ್ತಿಯನ್ನು ಹೊರತಂದಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 1999ರ ಮತ್ತು 2017ರ ಆವೃತ್ತಿಗಳು. ಅಭಿವೃದ್ಧಿ ಬ್ಯಾಂಕುಗಳಿಗಾಗಿ ಸಿದ್ಧಪಡಿಸಿದ ಗುಲಾಬಿ ಪುಸ್ತಕವೂ ಇದೆ. ಮುಂಬೈನ ಮೆಟ್ರೊ 3 ಮತ್ತು ಅಟಲ್ ಸೇತುವಿಗೆ ಸಾಲ ಕೊಟ್ಟ ಜಪಾನಿನ ಜೈಕಾ ಸಂಸ್ಥೆಯ ಮಾದರಿ ಟೆಂಡರ್ ದಸ್ತಾವೇಜು ಈ ಗುಲಾಬಿ ಪುಸ್ತಕವನ್ನೇ ಆಧರಿಸಿದೆ.

ಪುಸ್ತಕದ ಹೆಸರು ತಿಳಿದರೆ ಸಾಲದು, ಆವೃತ್ತಿಯನ್ನೂ ಖಚಿತಪಡಿಸಿಕೊಳ್ಳಬೇಕು. ಒಂದು ಐಟಂನ ಪ್ರಮಾಣ ಬದಲಾದಾಗ ಹೊಸ ದರ ಕೇಳುವ ಹಕ್ಕನ್ನೇ ನೋಡಿ. 1999ರ ಕೆಂಪು ಪುಸ್ತಕದ 12.3ನೇ ಕಲಮಿನಲ್ಲಿ ಪ್ರಮಾಣ ಶೇ 10ಕ್ಕಿಂತ ಹೆಚ್ಚು ಬದಲಾಗಿರಬೇಕೆಂಬ ಮಿತಿಯಿದೆ. ಗುಲಾಬಿ ಪುಸ್ತಕದಲ್ಲಿ ಅದೇ ಮಿತಿ ಶೇ 25. ಬಿ-1 ನಮೂನೆಯ 38ನೇ ಕಲಮಿನಲ್ಲೂ ಶೇ 25ರವರೆಗಿನ ಹೆಚ್ಚಳವನ್ನು ಟೆಂಡರ್ ದರದಲ್ಲೇ ಮಾಡಿಕೊಡಬೇಕು. ಹಿಂದಿನ ಕಾಮಗಾರಿಯ ನೆನಪಿನಿಂದ ಇಂದಿನ ಕಾಮಗಾರಿಯ ಹಕ್ಕನ್ನು ಲೆಕ್ಕ ಹಾಕಿದರೆ ಇಲ್ಲೇ ಮುಗ್ಗರಿಸುತ್ತೇವೆ.

2. ವಿಶೇಷ ಷರತ್ತುಗಳನ್ನು ಮೊದಲು ಓದಿ

ಓದುವ ಕ್ರಮವೇ ಮುಖ್ಯ. ಸಾಮಾನ್ಯ ಷರತ್ತುಗಳು ಎಲ್ಲರಿಗೂ ಗೊತ್ತಿರುವಂಥವು; ಅವುಗಳಲ್ಲಿ ಏನನ್ನು ಕಿತ್ತುಹಾಕಿದ್ದಾರೆ, ಏನನ್ನು ತಿದ್ದಿದ್ದಾರೆ ಎಂಬುದು ವಿಶೇಷ ಷರತ್ತುಗಳಲ್ಲಿ ಇರುತ್ತದೆ. ಫಿಡಿಕ್‌ನ 14.8ನೇ ಕಲಮು ತಡವಾದ ಪಾವತಿಗೆ ಬಡ್ಡಿ ಕೊಡುತ್ತದೆ. ನಮ್ಮ ದೇಶದ ಅನೇಕ ಮಾಲೀಕ ಸಂಸ್ಥೆಗಳು ವಿಶೇಷ ಷರತ್ತಿನ ಒಂದೇ ಸಾಲಿನಲ್ಲಿ ಅದನ್ನು ತೆಗೆದುಹಾಕಿರುತ್ತವೆ. ಆ ಸಾಲನ್ನು ನೋಡದೆ ದರ ಹಾಕಿದವರು ಬಡ್ಡಿಯನ್ನು ತಮ್ಮ ಜೇಬಿನಿಂದಲೇ ಕಟ್ಟಬೇಕಾಗುತ್ತದೆ. ಬಡ್ಡಿಯಿಲ್ಲವೆನ್ನುವ ಇಂಥ ಕಲಮು ಇದ್ದರೆ ಮುಂದೆ ಮಧ್ಯಸ್ಥಿಕೆಯಲ್ಲೂ (ಆರ್ಬಿಟ್ರೇಷನ್) ತೀರ್ಪಿಗೆ ಮುಂಚಿನ ಬಡ್ಡಿ ಸಿಗುವುದಿಲ್ಲ, ಏಕೆಂದರೆ 1996ರ ಮಧ್ಯಸ್ಥಿಕೆ ಕಾಯಿದೆಯ 31(7)ನೇ ಕಲಮು ಆ ಅವಧಿಯ ಬಡ್ಡಿಯನ್ನು ಪಕ್ಷಗಳ ಒಪ್ಪಂದಕ್ಕೆ ಒಳಪಡಿಸಿದೆ.

ಎರಡನೆಯದಾಗಿ, ದಾಖಲೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದರ ಮಾತು ನಡೆಯುತ್ತದೆ ಎಂದು ನೋಡಿ. 1999ರ ಕೆಂಪು ಪುಸ್ತಕದಲ್ಲಿ ಕರಾರು ಪತ್ರ, ಒಪ್ಪಿಗೆ ಪತ್ರ, ಟೆಂಡರ್ ಪತ್ರ, ವಿಶೇಷ ಷರತ್ತು, ಸಾಮಾನ್ಯ ಷರತ್ತು, ತಾಂತ್ರಿಕ ವಿವರಣೆ, ನಕ್ಷೆಗಳು, ಕೊನೆಗೆ ಶೆಡ್ಯೂಲ್‌ಗಳು ಎಂಬ ಕ್ರಮವಿದೆ. ಬಿಒಕ್ಯೂ, ಅಂದರೆ ಐಟಂವಾರು ಪ್ರಮಾಣಗಳ ಪಟ್ಟಿ, ಈ ಶೆಡ್ಯೂಲ್‌ಗಳಲ್ಲಿ ಸೇರಿರುವುದರಿಂದ ನಕ್ಷೆಯ ಮಾತು ಅದಕ್ಕಿಂತ ಮೇಲು. ಸಿಪಿಡಬ್ಲ್ಯುಡಿ ಷರತ್ತುಗಳಲ್ಲಿ ಇದು ತಲೆಕೆಳಗಾಗುತ್ತದೆ: ಅಲ್ಲಿ ಬಿಒಕ್ಯೂ ಐಟಂನ ವಿವರಣೆಗೆ ಮೊದಲ ಸ್ಥಾನ, ನಕ್ಷೆಗಳು ಅದರ ನಂತರ. ನಕ್ಷೆಯಲ್ಲಿ ಎಂ-40 ಕಾಂಕ್ರೀಟ್, ಬಿಒಕ್ಯೂನಲ್ಲಿ ಎಂ-35 ಎಂದಿದ್ದರೆ ಹೆಚ್ಚುವರಿ ಸಿಮೆಂಟಿನ ಹಣವನ್ನು ಯಾರು ಹೊರಬೇಕು ಎಂಬ ವಾದ ಈ ಕ್ರಮದಿಂದಲೇ ಶುರುವಾಗುತ್ತದೆ. ಇಂಥ ವ್ಯತ್ಯಾಸ ಟೆಂಡರ್ ಹಂತದಲ್ಲೇ ಕಣ್ಣಿಗೆ ಬಿದ್ದರೆ ಪ್ರೀ-ಬಿಡ್ ಸಭೆಗೆ ಮುನ್ನ ಲಿಖಿತವಾಗಿ ಪ್ರಶ್ನೆ ಕಳುಹಿಸಿ, ಉತ್ತರವನ್ನು ಕರಾರಿನ ಭಾಗವಾಗಿ ಇಟ್ಟುಕೊಳ್ಳಿ.

3. ಗಡುವುಗಳ ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಿ

ಕರಾರು ಕೈಸೇರಿದ ಮೊದಲ ವಾರದಲ್ಲೇ ಮಾಡಬೇಕಾದ ಕೆಲಸವಿದು. ಮುನ್ನೂರು ಪುಟದ ಕರಾರಿನಿಂದ ದಿನಗಳ ಲೆಕ್ಕವಿರುವ ಕಲಮುಗಳನ್ನಷ್ಟೇ ಹೆಕ್ಕಿ ಒಂದು ಹಾಳೆಗೆ ಇಳಿಸಿದರೆ ಸೈಟ್ ಎಂಜಿನಿಯರ್, ಬಿಲ್ ಮಾಡುವವರು, ಮೇಸ್ತ್ರಿ ಎಲ್ಲರಿಗೂ ಅದು ದಾರಿ ತೋರುತ್ತದೆ. ಆ ಹಾಳೆಯಲ್ಲಿ ಇರಲೇಬೇಕಾದವು ಇವು.

ಫಿಡಿಕ್ 1999ರ 20.1ನೇ ಕಲಮಿನಂತೆ, ಹೆಚ್ಚುವರಿ ಸಮಯ ಅಥವಾ ಹಣಕ್ಕೆ ಕಾರಣವಾಗುವ ಘಟನೆ ನಿಮಗೆ ತಿಳಿದ ಅಥವಾ ತಿಳಿದಿರಬೇಕಾಗಿದ್ದ ದಿನದಿಂದ 28 ದಿನಗಳೊಳಗೆ ನೋಟಿಸ್ ಕೊಡಬೇಕು, 42 ದಿನಗಳೊಳಗೆ ವಿವರವಾದ ಕ್ಲೇಮ್ ಸಲ್ಲಿಸಬೇಕು. 2017ರ ಆವೃತ್ತಿಯಲ್ಲಿ ನೋಟಿಸಿಗೆ ಅದೇ 28 ದಿನ, ವಿವರವಾದ ಕ್ಲೇಮಿಗೆ 84 ದಿನ. ಸಿಪಿಡಬ್ಲ್ಯುಡಿ ಮಾದರಿಯ 5ನೇ ಕಲಮಿನಲ್ಲಿ ಅಡಚಣೆ ಸಂಭವಿಸಿದ 14 ದಿನಗಳೊಳಗೆ ನಿಗದಿತ ನಮೂನೆಯಲ್ಲಿ ಅವಧಿ ವಿಸ್ತರಣೆ ಕೇಳಬೇಕು. ಬಿ-1 ನಮೂನೆಯ 6ನೇ ಕಲಮಿನಲ್ಲಿ ಅಡಚಣೆಯಾದ ದಿನದಿಂದ 30 ದಿನ ಅಥವಾ ಕರಾರಿನ ಅವಧಿಯ ಅಂತ್ಯ, ಇವೆರಡರಲ್ಲಿ ಮೊದಲು ಬರುವುದರೊಳಗೆ ಕಾರ್ಯಪಾಲಕ ಎಂಜಿನಿಯರರಿಗೆ ಅರ್ಜಿ ಹೋಗಬೇಕು. ಇವೆಲ್ಲ ಅಚ್ಚಾದ ಮಾದರಿಯ ಲೆಕ್ಕ. ನಿಮ್ಮ ಕರಾರಿನ ವಿಶೇಷ ಷರತ್ತು ಇವನ್ನು ಬದಲಿಸಿದ್ದರೆ ಅದೇ ಅಂತಿಮ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಪುಣೆಯ ಒಂದು ಮೇಲ್ಸೇತುವೆಯಲ್ಲಿ ಪಿಯರ್ ಕ್ಯಾಪಿನ (ಕಂಬದ ತಲೆಭಾಗದ) ನಕ್ಷೆ ಅಕ್ಟೋಬರ್ 3ಕ್ಕೆ ಬರಬೇಕಿತ್ತು, ಬರಲಿಲ್ಲ ಎಂದಿಟ್ಟುಕೊಳ್ಳಿ. ಫಿಡಿಕ್ 1999ರ ಕರಾರಾದರೆ ನೋಟಿಸಿಗೆ ಕೊನೆಯ ದಿನ ಅಕ್ಟೋಬರ್ 31, ವಿವರವಾದ ಕ್ಲೇಮಿಗೆ ನವೆಂಬರ್ 14. ನಕ್ಷೆ ಡಿಸೆಂಬರ್‌ವರೆಗೂ ಬಾರದೆ ಅಡಚಣೆ ಮುಂದುವರಿದರೆ ನವೆಂಬರ್ 14ಕ್ಕೆ ಸಲ್ಲಿಸಿದ್ದು ಮಧ್ಯಂತರ ಕ್ಲೇಮ್ ಎನಿಸುತ್ತದೆ, ಆ ಬಳಿಕ ಪ್ರತಿ ತಿಂಗಳೂ ಅದನ್ನು ಪರಿಷ್ಕರಿಸಿ ಕಳುಹಿಸುತ್ತಿರಬೇಕು. ‘ನಕ್ಷೆ ಬರಲಿ, ಒಟ್ಟು ಎಷ್ಟು ನಷ್ಟವಾಯಿತೆಂದು ನೋಡಿ ಒಮ್ಮೆಗೇ ಬರೆಯೋಣ’ ಎಂದು ಕಾಯುವುದೇ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ದುಬಾರಿ ಅಭ್ಯಾಸ.

ಹಕ್ಕನ್ನು ಜಾರಿಗೊಳಿಸಲು ಕಾಲಮಿತಿ ಹಾಕಿ, ಅದು ಮೀರಿದರೆ ಹಕ್ಕೇ ನಂದಿಹೋಗುತ್ತದೆ ಎನ್ನುವ ಕಲಮುಗಳನ್ನು ಭಾರತೀಯ ಕರಾರು ಕಾಯಿದೆಯ 28ನೇ ಕಲಮು 1997ರ ತಿದ್ದುಪಡಿಯ ನಂತರ ಅನೂರ್ಜಿತಗೊಳಿಸುತ್ತದೆ, ಆದ್ದರಿಂದ 28 ದಿನಗಳ ಗಡುವಿಗೆ ಬೆಲೆಯಿಲ್ಲ ಎಂದು ವಾದಿಸುವ ವಕೀಲರಿದ್ದಾರೆ. ವಾದದಲ್ಲಿ ಹುರುಳಿರಬಹುದು. ಆದರೆ ವರ್ಷಗಟ್ಟಲೆ ಕೋರ್ಟು ಅಲೆದು ಆ ವಾದವನ್ನು ಗೆಲ್ಲುವುದಕ್ಕಿಂತ ಸಕಾಲಕ್ಕೆ ಪತ್ರ ಕೊಡುವುದು ನೂರು ಪಾಲು ಸುಲಭ.

4. ನೋಟಿಸ್ ಬರೆಯುವ ಬಗೆ

ನೋಟಿಸಿಗೆ ವಕೀಲರ ಭಾಷೆ ಬೇಕಿಲ್ಲ. ಕಾಮಗಾರಿಯ ಹೆಸರು, ಕರಾರಿನ ಸಂಖ್ಯೆ, ಘಟನೆ ಏನು, ಯಾವ ದಿನ ತಿಳಿಯಿತು, ಯಾವ ಕಲಮಿನಡಿ ನೋಟಿಸ್ ಕೊಡುತ್ತಿದ್ದೀರಿ, ಸಮಯ ಮತ್ತು ಹಣ ಎರಡಕ್ಕೂ ಹಕ್ಕು ಕಾಯ್ದಿರಿಸಿದ್ದೀರಿ ಎಂಬ ಮಾತು, ಇಷ್ಟಿದ್ದರೆ ಸಾಕು. ಮೊತ್ತ ಈಗಲೇ ಗೊತ್ತಿರಬೇಕಾಗಿಲ್ಲ. ಪತ್ರದ ಸಾರ ಹೀಗಿರಬಹುದು:

‘ಪಿಯರ್ 17ರಿಂದ 22ರವರೆಗಿನ ಪಿಯರ್ ಕ್ಯಾಪ್ ನಕ್ಷೆಗಳು ಅನುಮೋದಿತ ಕಾರ್ಯಕ್ರಮದ ಪ್ರಕಾರ ಅಕ್ಟೋಬರ್ 3ರಂದು ನಮಗೆ ದೊರೆಯಬೇಕಿದ್ದವು. ಇಂದಿನವರೆಗೆ ದೊರೆತಿಲ್ಲ. ಇದರಿಂದ ಕಬ್ಬಿಣ ಕತ್ತರಿಸಿ ಕಟ್ಟುವ ಕೆಲಸ ನಿಂತಿದೆ. ಕರಾರಿನ 1.9, 8.4 ಮತ್ತು 20.1ನೇ ಕಲಮುಗಳಡಿ ಅವಧಿ ವಿಸ್ತರಣೆ ಹಾಗೂ ಹೆಚ್ಚುವರಿ ವೆಚ್ಚಕ್ಕಾಗಿ ಈ ನೋಟಿಸ್ ನೀಡುತ್ತಿದ್ದೇವೆ. ವಿವರವಾದ ಕ್ಲೇಮನ್ನು ನಿಗದಿತ ಅವಧಿಯೊಳಗೆ ಸಲ್ಲಿಸುತ್ತೇವೆ.’

ಈ ಪತ್ರ ಕರಾರಿನಲ್ಲಿ ನಮೂದಾದ ವಿಳಾಸಕ್ಕೆ, ನಮೂದಾದ ವ್ಯಕ್ತಿಗೆ, ನಮೂದಾದ ರೀತಿಯಲ್ಲೇ ತಲುಪಬೇಕು. ಇನ್‌ವರ್ಡ್ ಸೀಲ್ ಬಿದ್ದ ಪ್ರತಿ ನಿಮ್ಮ ಕಡತಕ್ಕೆ ಬರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಸರ್, ಡ್ರಾಯಿಂಗ್ ಬಂದಿಲ್ಲ’ ಎಂದು ಹಾಕಿದರೆ ಅದು ಕರಾರಿನ ನೋಟಿಸ್ ಆಗುವುದಿಲ್ಲ. ಹಾಗೆಂದು ಅದನ್ನು ಅಳಿಸಲೂಬಾರದು. ಘಟನೆ ನಡೆದದ್ದಕ್ಕೆ ಅದು ಪುರಾವೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಇಂಥ ವಿದ್ಯುನ್ಮಾನ ದಾಖಲೆಗಳನ್ನು ಹಾಜರುಪಡಿಸಬಹುದು. ಆದ್ದರಿಂದ ಹಳೆಯ ಫೋನ್ ಮಾರುವ ಮುನ್ನ ಯೋಚಿಸಿ.

ಬಾಯಿಮಾತಿನ ಆದೇಶಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಲಹಾ ಎಂಜಿನಿಯರರು ಸೈಟಿಗೆ ಬಂದು ‘ಇಲ್ಲಿ ಇನ್ನೊಂದು ಮೀಟರ್ ಅಗೆಯಿರಿ’ ಎನ್ನುತ್ತಾರೆ, ಕೆಲಸ ಆಗುತ್ತದೆ, ಬಿಲ್ ಹಾಕಿದಾಗ ‘ಲಿಖಿತ ಆದೇಶ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. 1999ರ ಕೆಂಪು ಪುಸ್ತಕದ 3.3ನೇ ಕಲಮು ಇದಕ್ಕೊಂದು ಒಳ್ಳೆಯ ಉಪಾಯ ಕೊಟ್ಟಿದೆ. ಬಾಯಿಮಾತಿನ ಆದೇಶ ಬಂದ ಎರಡು ಕೆಲಸದ ದಿನಗಳಲ್ಲಿ ನೀವೇ ಅದನ್ನು ಬರೆದು ಖಚಿತಪಡಿಸಿ ಕಳುಹಿಸಿ, ಅದು ತಲುಪಿದ ಎರಡು ಕೆಲಸದ ದಿನಗಳಲ್ಲಿ ಎಂಜಿನಿಯರರು ಲಿಖಿತವಾಗಿ ನಿರಾಕರಿಸದಿದ್ದರೆ ಮತ್ತು ಬೇರೆ ಆದೇಶ ಕೊಡದಿದ್ದರೆ ಆ ನಿಮ್ಮ ಪತ್ರವೇ ಎಂಜಿನಿಯರರ ಲಿಖಿತ ಆದೇಶವಾಗುತ್ತದೆ. ನಿಮ್ಮ ಕರಾರಿನಲ್ಲಿ ಇಂಥ ಕಲಮು ಇಲ್ಲದಿದ್ದರೂ ಅದೇ ದಿನ ಖಚಿತಪಡಿಸುವ ಪತ್ರ ಬರೆಯುವ ರೂಢಿಯನ್ನು ಬಿಡಬಾರದು.

5. ದಿನಚರಿ ಕನ್ನಡದಲ್ಲಾದರೂ ಇರಲಿ, ಆದರೆ ಅಂದೇ ಬರೆದದ್ದಾಗಿರಲಿ

ನೋಟಿಸ್ ಹಕ್ಕನ್ನು ಉಳಿಸುತ್ತದೆ. ಮೊತ್ತವನ್ನು ಸಾಬೀತುಪಡಿಸುವುದು ದಿನದ ದಾಖಲೆ. ಮುಂಬೈನಲ್ಲಿ ಟೆಂಡರ್ ಇಂಗ್ಲಿಷಿನಲ್ಲಿ, ಇಲಾಖೆಯ ಪತ್ರ ಮರಾಠಿಯಲ್ಲಿ, ಮೇಸ್ತ್ರಿ ಮತ್ತು ಕೂಲಿಯವರ ಮಾತು ಕನ್ನಡದಲ್ಲಿ ಇರುವ ಸೈಟ್‌ಗಳು ಎಷ್ಟೋ ಇವೆ. ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ಮೇಸ್ತ್ರಿ ಏನನ್ನೂ ಬರೆಯದೆ ಬಿಟ್ಟುಬಿಡುತ್ತಾನೆ. ಇದು ಸಲ್ಲದು. ಕನ್ನಡದಲ್ಲಿ ಬರೆದ ದಿನಚರಿಯೂ ಸಾಕ್ಷ್ಯವೇ. ಮಧ್ಯಸ್ಥಿಕೆ ಕಾಯಿದೆಯ 22(4)ನೇ ಕಲಮಿನ ಪ್ರಕಾರ ನ್ಯಾಯಮಂಡಳಿ ಅದರ ಅನುವಾದವನ್ನು ಕೇಳಬಹುದು, ಕೇಳಿದಾಗ ಅನುವಾದ ಕೊಟ್ಟರಾಯಿತು. ಮೂರು ವರ್ಷದ ನಂತರ ನೆನಪಿನಿಂದ ತಯಾರಿಸಿದ ಚೊಕ್ಕ ಇಂಗ್ಲಿಷಿನ ಪಟ್ಟಿಗಿಂತ, ಬೆವರಿನ ಕಲೆ ಹತ್ತಿದ ಅಂದಿನ ಕನ್ನಡ ಪುಸ್ತಕಕ್ಕೆ ಹೆಚ್ಚು ತೂಕವಿದೆ.

ಒಂದು ದಿನದ ದಾಖಲೆ ಎಷ್ಟು ವಿವರವಾಗಿರಬೇಕು ಎಂಬುದಕ್ಕೆ ಇದು ಮಾದರಿ: ‘ಜುಲೈ 14, ಮಂಗಳವಾರ. ಪಿಯರ್ 19ರ ಪೈಲ್ ಕ್ಯಾಪ್. ಕಬ್ಬಿಣ ಕಟ್ಟುವವರು 14, ಹೆಲ್ಪರ್ 6, ಬೆಳಿಗ್ಗೆ 8ಕ್ಕೆ ಹಾಜರು. ಪೂರ್ವ ಬದಿಯ ನೀರಿನ ಪೈಪ್ ಇನ್ನೂ ಸ್ಥಳಾಂತರವಾಗಿಲ್ಲ, ಅಗೆತ 10 ಗಂಟೆಗೆ ನಿಂತಿತು. ಪೋಕ್ಲೇನ್ 1, ಡಂಪರ್ 2, ಸಂಜೆ 6ರವರೆಗೆ ಖಾಲಿ. 8 ಜನರನ್ನು ಪಿಯರ್ 21ಕ್ಕೆ ಕಳುಹಿಸಿದೆ, ಉಳಿದ 12 ಜನರಿಗೆ ಕೆಲಸವಿಲ್ಲ. ಕಂಪನಿಯ ಸೈಟ್ ಎಂಜಿನಿಯರರಿಗೆ 10.20ಕ್ಕೆ ಹೇಳಿದೆ. ಫೋಟೊ 3.’ ಇದರಲ್ಲಿ ‘8 ಜನರನ್ನು ಬೇರೆಡೆ ಕಳುಹಿಸಿದೆ’ ಎಂಬ ಸಾಲು ಬಹು ಮುಖ್ಯ. ನಷ್ಟವನ್ನು ತಗ್ಗಿಸಲು ನೀವು ಯತ್ನಿಸಿದಿರಿ ಎಂದು ಅದು ತೋರಿಸುತ್ತದೆ. ಕರಾರು ಕಾಯಿದೆಯ 73ನೇ ಕಲಮಿನ ವಿವರಣೆ ಪರಿಹಾರ ಲೆಕ್ಕ ಹಾಕುವಾಗ ಇದನ್ನು ಗಮನಿಸಬೇಕೆನ್ನುತ್ತದೆ. ಸಿಪಿಡಬ್ಲ್ಯುಡಿ ಮಾದರಿಯ ಕಾಮಗಾರಿಗಳಲ್ಲಿ ಹಿಂಡರೆನ್ಸ್ ರಿಜಿಸ್ಟರ್ ಇರುತ್ತದೆ. ಅದರಲ್ಲಿ ಅಡಚಣೆಯ ಆರಂಭ ಮತ್ತು ಅಂತ್ಯ ದಾಖಲಾಗಿ ಎರಡೂ ಕಡೆಯ ಸಹಿ ಬೀಳುವಂತೆ ನೋಡಿಕೊಳ್ಳಿ. ಇಲಾಖೆಯವರು ಸಹಿ ಹಾಕಲು ಹಿಂದೇಟು ಹಾಕಿದರೆ ಆ ದಿನದ ನಮೂದನ್ನೇ ಪತ್ರ ಮಾಡಿ ಕಳುಹಿಸಿ.

6. ಮಳೆಗಾಲದ ಲೆಕ್ಕ

ಕೊಂಕಣ ಕರಾವಳಿಯಲ್ಲಿ ಕೆಲಸ ಮಾಡುವವರು ಮಳೆಯಿಂದಾದ ವಿಳಂಬಕ್ಕೆ ಅವಧಿ ತಾನಾಗಿಯೇ ಸಿಗುತ್ತದೆಂದು ನಂಬಿಕೊಂಡಿರುತ್ತಾರೆ. ಸಿಗುವುದಿಲ್ಲ. ಫಿಡಿಕ್‌ನ 1999ರ ಆವೃತ್ತಿಯ 8.4ನೇ ಕಲಮು ಕೇಳುವುದು ಅಸಾಧಾರಣ ಪ್ರತಿಕೂಲ ಹವಾಮಾನವನ್ನು; 2017ರ ಆವೃತ್ತಿಯಲ್ಲಿ ಅದು ಮುಂಗಾಣಲಾಗದ್ದೂ ಆಗಿರಬೇಕು. ಜುಲೈನಲ್ಲಿ ಮುಂಬೈನಲ್ಲಿ ಭಾರಿ ಮಳೆ ಬರುತ್ತದೆಂಬುದು ಟೆಂಡರ್ ಹಾಕಿದ ಎಲ್ಲರಿಗೂ ತಿಳಿದ ವಿಷಯ, ಆದ್ದರಿಂದ ಮಳೆಗಾಲದ ತಿಂಗಳುಗಳಲ್ಲಿ ಅಗೆತ ಮತ್ತು ಡಾಂಬರು ಕೆಲಸ ಕುಂಠಿತವಾಗುವುದನ್ನು ಕಾಮಗಾರಿಯ ವೇಳಾಪಟ್ಟಿಯಲ್ಲೇ ತೋರಿಸಿರಬೇಕು.

ವಾಡಿಕೆ ಮೀರಿದ ಮಳೆಯಾದಾಗ ಹವಾಮಾನ ಇಲಾಖೆಯ ಹತ್ತಿರದ ಕೇಂದ್ರದ ಅಂಕಿಗಳನ್ನು ವಾಡಿಕೆಯ ಅಂಕಿಗಳೊಂದಿಗೆ ಹೋಲಿಸಿ ಜೋಡಿಸಿ. ಹತ್ತಿರದ ಕೇಂದ್ರವೇ ಏಕೆ ಬೇಕೆಂಬುದಕ್ಕೆ 2005ರ ಜುಲೈ 26ಕ್ಕಿಂತ ದೊಡ್ಡ ನಿದರ್ಶನವಿಲ್ಲ. ಅಂದು ಸಾಂತಾಕ್ರೂಜ್ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು, ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಅಂಧೇರಿಯ ಸೈಟಿನವರು ಕೊಲಾಬಾದ ಅಂಕಿ ಲಗತ್ತಿಸಿದ್ದರೆ ತಮ್ಮ ಕ್ಲೇಮನ್ನು ತಾವೇ ಕೊಂದಂತಾಗುತ್ತಿತ್ತು. ಸೈಟಿನಲ್ಲೇ ಮಳೆಮಾಪಕ ಇಟ್ಟು ದಿನವೂ ಅಳತೆ ಬರೆದುಕೊಂಡರೆ ಇನ್ನೂ ಒಳಿತು, ವೆಚ್ಚವೂ ಅತ್ಯಲ್ಪ. ಒಂದು ಮಾತು ನೆನಪಿರಲಿ: ಹವಾಮಾನದ ಕಾರಣಕ್ಕೆ ಸಾಮಾನ್ಯವಾಗಿ ಸಮಯ ಮಾತ್ರ ಸಿಗುತ್ತದೆ, ಹಣ ಸಿಗುವುದಿಲ್ಲ.

7. ಅವಧಿ ವಿಸ್ತರಣೆ ಕೇಳುವಾಗ ಹಣದ ಹಕ್ಕನ್ನು ಬಿಟ್ಟುಕೊಡಬೇಡಿ

ಬಹಳ ಮಂದಿ ಎಡವುವುದು ಇಲ್ಲಿ. ಮಾಲೀಕರ ಕಡೆಯಿಂದಲೇ ವಿಳಂಬವಾದರೂ, ‘ದಂಡ ಹಾಕದಿದ್ದರೆ ಸಾಕು’ ಎಂಬ ಭಾವನೆಯಿಂದ ಗುತ್ತಿಗೆದಾರರು ಬರಿಯ ಅವಧಿ ವಿಸ್ತರಣೆ ಕೇಳಿ ಪಡೆಯುತ್ತಾರೆ. ಕರಾರು ಕಾಯಿದೆಯ 55ನೇ ಕಲಮಿನ ಕೊನೆಯ ಭಾಗವು, ತಡವಾದ ನೆರವೇರಿಕೆಯನ್ನು ಒಪ್ಪಿಕೊಂಡವರು ಒಪ್ಪುವ ಹೊತ್ತಿಗೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸಿರದಿದ್ದರೆ ಆಮೇಲೆ ಕೇಳುವಂತಿಲ್ಲ ಎನ್ನುತ್ತದೆ. 2002ರಲ್ಲಿ ಉತ್ತರ ರೈಲ್ವೆ ಮತ್ತು ಸರ್ವೇಶ್ ಚೋಪ್ರಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಗುತ್ತಿಗೆದಾರರಿಗೂ ಅನ್ವಯಿಸಿತು. ಆದ್ದರಿಂದ ಪ್ರತಿಯೊಂದು ವಿಸ್ತರಣೆ ಅರ್ಜಿಯಲ್ಲೂ ‘ವಿಸ್ತರಿತ ಅವಧಿಯ ಹೆಚ್ಚುವರಿ ವೆಚ್ಚವನ್ನು ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡು’ ಎಂಬ ಮಾತು ಇರಬೇಕು. ‘ಯಾವುದೇ ಕ್ಲೇಮ್ ಮಾಡುವುದಿಲ್ಲ’ ಎಂಬ ಮುಚ್ಚಳಿಕೆಯನ್ನು ಅರ್ಜಿಯ ನಮೂನೆಯಲ್ಲೇ ಅಚ್ಚು ಮಾಡಿದ್ದರೆ, ಸಹಿ ಹಾಕುವ ಮುನ್ನ ಆ ಸಾಲಿಗೆ ಲಿಖಿತ ಆಕ್ಷೇಪ ಕೊಡಿ.

ಅದೇ ಕಲಮು ಮಾಲೀಕರಿಗೂ ಅನ್ವಯಿಸುತ್ತದೆ. ಅವರು ದಂಡದ ಹಕ್ಕನ್ನು ಕಾಯ್ದಿರಿಸದೆ ವಿಸ್ತರಣೆ ಕೊಟ್ಟಿದ್ದರೆ ಆ ಪತ್ರವನ್ನು ಜೋಪಾನವಾಗಿಡಿ. ವಿಳಂಬದ ದಂಡಕ್ಕೆ ಬಿ-1 ನಮೂನೆಯ 2ನೇ ಕಲಮಿನಲ್ಲಿ ಅಂದಾಜು ವೆಚ್ಚದ ಶೇ 10ರ ಮಿತಿ ಇದೆ, ಸಿಪಿಡಬ್ಲ್ಯುಡಿ ಮಾದರಿಯಲ್ಲೂ ಮಿತಿ ಶೇ 10. ಮಿತಿಯಷ್ಟನ್ನೂ ವಸೂಲು ಮಾಡಲೇಬೇಕೆಂದು ಇದರ ಅರ್ಥವಲ್ಲ. ಕರಾರು ಕಾಯಿದೆಯ 74ನೇ ಕಲಮಿನಡಿ ಸಿಗುವುದು ಸಮಂಜಸ ಪರಿಹಾರ ಮಾತ್ರವೆಂದೂ, ನಷ್ಟವನ್ನು ಸಾಬೀತುಪಡಿಸಲು ಸಾಧ್ಯವಿರುವಲ್ಲಿ ಅದನ್ನು ಸಾಬೀತುಪಡಿಸಬೇಕೆಂದೂ 2015ರ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಂಡದ ಪತ್ರಕ್ಕೆ ಉತ್ತರಿಸುವಾಗ ಈ ಅಂಶವನ್ನು ಎತ್ತಿ.

8. ದರ, ತೆರಿಗೆ ಮತ್ತು ಕಾನೂನಿನ ಬದಲಾವಣೆ

ಸರ್ಕಾರಿ ಕಾಮಗಾರಿಗಳ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಬಹುತೇಕ ಶೇ 12ರಿಂದ ಶೇ 18ಕ್ಕೆ ಏರಿದಾಗ, ನಡೆಯುತ್ತಿದ್ದ ಕರಾರುಗಳಲ್ಲಿ ಹೆಚ್ಚುವರಿ ಶೇ 6ನ್ನು ಯಾರು ಹೊರಬೇಕೆಂಬ ಪ್ರಶ್ನೆ ಎದ್ದಿತು. ಉತ್ತರ ಇದ್ದದ್ದು ಆಯಾ ಕರಾರಿನ ಕಾನೂನು ಬದಲಾವಣೆಯ ಕಲಮಿನಲ್ಲಿ. ಫಿಡಿಕ್‌ನಲ್ಲಿ ಇದಕ್ಕೆ ಆಧಾರ ದಿನಾಂಕವೆಂದು ಒಂದಿದೆ: ಟೆಂಡರ್ ಸಲ್ಲಿಸಲು ಇರುವ ಕೊನೆಯ ದಿನಕ್ಕೆ 28 ದಿನ ಮುಂಚಿನ ದಿನ. ಅದರ ನಂತರ ಕಾನೂನು ಬದಲಾಗಿ ವೆಚ್ಚ ಹೆಚ್ಚಿದರೆ ಹಣ ಕೇಳಬಹುದು, ಅದಕ್ಕೂ ನೋಟಿಸ್ ಬೇಕು. ಉಕ್ಕು, ಸಿಮೆಂಟ್, ಡೀಸೆಲ್ ದರದ ಏರಿಳಿತಕ್ಕೆ ಬೇರೆ ಕಲಮುಗಳಿರುತ್ತವೆ, ಸಿಪಿಡಬ್ಲ್ಯುಡಿಯ 10ಸಿಸಿ ಕಲಮು ಅಂಥದ್ದು. ಕಾಮಗಾರಿಯ ಅವಧಿ ಎಷ್ಟಿದ್ದರೆ ಅದು ಅನ್ವಯಿಸುತ್ತದೆ ಎಂಬುದನ್ನು ಟೆಂಡರ್‌ನ ಶೆಡ್ಯೂಲಿನಲ್ಲೇ ನೋಡಿ.

9. ಉಪಗುತ್ತಿಗೆದಾರರು ವಿಶೇಷವಾಗಿ ಗಮನಿಸಬೇಕಾದದ್ದು

ನಮ್ಮವರಲ್ಲಿ ಹೆಚ್ಚಿನವರು ಇರುವುದು ಇದೇ ಹಂತದಲ್ಲಿ, ಹಾಗಾಗಿ ತುಸು ವಿವರವಾಗಿ ಹೇಳಬೇಕು. ದೊಡ್ಡ ಕಂಪನಿ ಕೊಡುವ ನಾಲ್ಕೈದು ಪುಟದ ವರ್ಕ್ ಆರ್ಡರ್‌ನಲ್ಲಿ ‘ಮುಖ್ಯ ಕರಾರಿನ ಎಲ್ಲ ಷರತ್ತುಗಳು ಬ್ಯಾಕ್ ಟು ಬ್ಯಾಕ್ ಅನ್ವಯಿಸುತ್ತವೆ’ ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನಿಂದಾಗಿ ನೀವು ಕಣ್ಣಾರೆ ಕಾಣದ ಮುನ್ನೂರು ಪುಟಗಳಿಗೂ ಸಹಿ ಹಾಕಿದಂತಾಗುತ್ತದೆ. ಆದ್ದರಿಂದ ಸಹಿಗೆ ಮುನ್ನ ಮುಖ್ಯ ಕರಾರಿನ ಸಂಬಂಧಪಟ್ಟ ಭಾಗಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. ದರದ ಭಾಗವನ್ನು ಮುಚ್ಚಿ ಕೊಡಲಿ, ಅಡ್ಡಿಯಿಲ್ಲ. ಷರತ್ತುಗಳು, ತಾಂತ್ರಿಕ ವಿವರಣೆ, ಅಳತೆಯ ಕ್ರಮ ನಿಮಗೆ ಬೇಕೇಬೇಕು.

ಗಡುವು ಇಲ್ಲಿ ಇನ್ನಷ್ಟು ಬಿಗಿ. ಮುಖ್ಯ ಗುತ್ತಿಗೆದಾರರಿಗೆ 28 ದಿನವಿದ್ದರೆ ನಿಮಗೆ 7 ಅಥವಾ 14 ದಿನ ಎಂದು ಬರೆದಿರುವುದು ಸಾಮಾನ್ಯ, ಏಕೆಂದರೆ ನಿಮ್ಮ ನೋಟಿಸನ್ನು ಅವರು ಮೇಲಕ್ಕೆ ದಾಟಿಸಬೇಕು. ನೀವು ತಡ ಮಾಡಿದರೆ ಅವರ ಹಕ್ಕೂ ಹೋಗುತ್ತದೆ, ಆ ನಷ್ಟದ ಹೊಣೆಯೂ ನಿಮ್ಮ ತಲೆಗೆ ಬರಬಹುದು. ‘ಮಾಲೀಕರಿಂದ ಹಣ ಬಂದ ಮೇಲೆ ನಿಮ್ಮ ಪಾವತಿ’ ಎಂಬ ಷರತ್ತು ಇದ್ದರೆ ಅದನ್ನು ಹಾಗೆಯೇ ಬಿಡದೆ, ‘ಅಥವಾ ಬಿಲ್ ಪ್ರಮಾಣೀಕರಿಸಿದ ಇಂತಿಷ್ಟು ದಿನಗಳೊಳಗೆ, ಯಾವುದು ಮೊದಲೋ ಅದು’ ಎಂದು ಸೇರಿಸಲು ಪಟ್ಟು ಹಿಡಿಯಿರಿ. ದರ ಒಂದೆರಡು ರೂಪಾಯಿ ಇಳಿಸಿಯಾದರೂ ಈ ಸಾಲನ್ನು ಪಡೆಯುವುದು ಲಾಭದಾಯಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶನಿವಾರದ ಬಟವಾಡೆ ಮಾಲೀಕರ ಬಿಲ್‌ಗಾಗಿ ಕಾಯುವುದಿಲ್ಲ.

ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡರೆ 2006ರ ಎಂಎಸ್‌ಎಂಇ ಕಾಯಿದೆಯಡಿ 45 ದಿನಗಳಲ್ಲಿ ಪಾವತಿ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸಿಗುತ್ತದೆಂದು ಅನೇಕರು ಭರವಸೆ ಇಟ್ಟುಕೊಂಡಿರುತ್ತಾರೆ. ಸಾಮಗ್ರಿ ಪೂರೈಕೆಗೆ, ಸೇವೆಗೆ ಅದು ಒಳ್ಳೆಯ ರಕ್ಷಣೆ. ಆದರೆ ಸಾಮಗ್ರಿ ಮತ್ತು ಶ್ರಮ ಎರಡೂ ಕೂಡಿದ ಕಾಮಗಾರಿ ಗುತ್ತಿಗೆ ಆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟ್ ಹೇಳಿರುವುದರಿಂದ, ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಅದೊಂದನ್ನೇ ನೆಚ್ಚಿ ಕೂರುವುದು ಅಪಾಯ.

ಅಳತೆಯ ವಿಷಯದಲ್ಲಿ ಜಂಟಿ ಅಳತೆ ಆದ ದಿನವೇ ಎರಡೂ ಕಡೆಯ ಸಹಿ ಇರುವ ಹಾಳೆ ನಿಮ್ಮ ಕೈಸೇರಬೇಕು. ಮಣ್ಣು ಮುಚ್ಚುವ, ಕಾಂಕ್ರೀಟ್ ಸುರಿಯುವ ಕೆಲಸಗಳಲ್ಲಿ ಮುಚ್ಚುವ ಮುನ್ನ ಅಳತೆ ಆಗದಿದ್ದರೆ ಮುಂದೆ ಅದನ್ನು ಸಾಬೀತುಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ.

10. ಜಗಳವಾದರೆ ದಾರಿ ಯಾವುದು

ಕರಾರಿನಲ್ಲಿ ಹೇಳಿದ ಮೆಟ್ಟಿಲುಗಳನ್ನು ಹಾರಿ ನೇರ ಕೋರ್ಟಿಗೆ ಹೋಗಲಾಗದು. ಬಿ-1 ನಮೂನೆಯ 30ನೇ ಕಲಮು ಸೂಪರಿಂಟೆಂಡಿಂಗ್ ಎಂಜಿನಿಯರರ ತೀರ್ಮಾನಕ್ಕೆ ಅಂತಿಮ ಸ್ಥಾನ ಕೊಟ್ಟು, ಮುಖ್ಯ ಎಂಜಿನಿಯರರಿಗೆ ಮೇಲ್ಮನವಿಯ ಅವಕಾಶ ಇಡುತ್ತದೆ. ಅದನ್ನು ಮಧ್ಯಸ್ಥಿಕೆಯ ಕಲಮು ಎಂದು ತಿಳಿಯಬಾರದು. ಫಿಡಿಕ್ ಕರಾರುಗಳಲ್ಲಿ ವಿವಾದ ಮಂಡಳಿ 84 ದಿನಗಳಲ್ಲಿ ತೀರ್ಮಾನ ಕೊಡುತ್ತದೆ, ಒಪ್ಪದವರು 28 ದಿನಗಳಲ್ಲಿ ಅತೃಪ್ತಿಯ ನೋಟಿಸ್ ಕೊಡದಿದ್ದರೆ ಅದೇ ಅಂತಿಮವಾಗುತ್ತದೆ. ಈ ಎರಡನೆಯ 28 ದಿನವನ್ನೂ ಗೋಡೆಯ ಹಾಳೆಗೆ ಸೇರಿಸಿ.

ಸರ್ಕಾರಿ ಖರೀದಿಯಲ್ಲಿ ಮಧ್ಯಸ್ಥಿಕೆಯನ್ನು ಎಲ್ಲ ಕರಾರುಗಳಿಗೂ ಯಾಂತ್ರಿಕವಾಗಿ ಸೇರಿಸಬಾರದು, ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಸೀಮಿತಗೊಳಿಸಬೇಕು ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್ 3ರಂದು ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ಹೊಸ ಟೆಂಡರ್‌ಗಳಲ್ಲಿ ಈ ಕಲಮು ಇದೆಯೋ ಇಲ್ಲವೋ ನೋಡಿಕೊಂಡೇ ದರ ಹಾಕಿ. ಮಧ್ಯಸ್ಥರನ್ನು ಇಲಾಖೆಯೊಂದೇ ಏಕಪಕ್ಷೀಯವಾಗಿ ನೇಮಿಸುವ ಹಳೆಯ ಕಲಮುಗಳು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪಿನ ನಂತರ ನಿಲ್ಲುವುದಿಲ್ಲ. ಇದು ಸಣ್ಣ ಗುತ್ತಿಗೆದಾರರಿಗೆ ದೊರೆತ ದೊಡ್ಡ ಬಲ.

11. ಅಂತಿಮ ಬಿಲ್ ದಿನದ ಸಹಿ

ಅಂತಿಮ ಬಿಲ್ ಜೊತೆಗೆ ‘ನನಗೆ ಬೇರೆ ಯಾವ ಬಾಕಿಯೂ ಇಲ್ಲ’ ಎಂಬ ಪ್ರಮಾಣಪತ್ರವನ್ನು ಮುಂದಿಡುತ್ತಾರೆ. ಸಹಿ ಹಾಕದಿದ್ದರೆ ಒಪ್ಪಿತ ಮೊತ್ತವೂ ಬರುವುದಿಲ್ಲ, ಹಾಕಿದರೆ ಉಳಿದ ಕ್ಲೇಮ್‌ಗಳಿಗೆ ಕುತ್ತು. ಒತ್ತಾಯಕ್ಕೆ ಒಳಗಾಗಿ ಕೊಟ್ಟ ಇಂಥ ಪತ್ರ ಕ್ಲೇಮಿಗೆ ಪೂರ್ಣ ತಡೆಯಲ್ಲವೆಂದು ಸುಪ್ರೀಂ ಕೋರ್ಟ್ 2009ರ ಬೋಘಾರಾ ಪಾಲಿಫ್ಯಾಬ್ ಮತ್ತು 2011ರ ಕಲಾಥಿಯಾ ಪ್ರಕರಣಗಳಲ್ಲಿ ಹೇಳಿದೆ. ಆದರೆ ಒತ್ತಾಯವಿತ್ತೆಂದು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಸಹಿಗೆ ಮುನ್ನ ಬಾಕಿ ಕ್ಲೇಮ್‌ಗಳ ಪಟ್ಟಿಯನ್ನು ಪತ್ರದ ಮೂಲಕ ಸಲ್ಲಿಸಿ, ಸಾಧ್ಯವಾದರೆ ಬಿಲ್ಲಿನ ಮೇಲೆಯೇ ‘ಆಕ್ಷೇಪಸಹಿತ’ ಎಂದು ಬರೆದು ಸಹಿ ಮಾಡಿ, ಅದಕ್ಕೂ ಅವಕಾಶ ಕೊಡದಿದ್ದರೆ ಹಣ ಬಂದ ಒಂದೆರಡು ದಿನಗಳಲ್ಲೇ ಯಾವ ಸಂದರ್ಭದಲ್ಲಿ ಸಹಿ ಹಾಕಬೇಕಾಯಿತೆಂದು ವಿವರಿಸಿ ಪತ್ರ ಬರೆಯಿರಿ. ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಬರೆದರೆ ಆ ಪತ್ರಕ್ಕೆ ಬೆಲೆ ಇರದು.

ಮಾಡಿದ ಕೆಲಸದ ಬಾಕಿ ಹಣಕ್ಕೆ 1963ರ ಕಾಲಮಿತಿ ಕಾಯಿದೆಯಡಿ ಮೂರು ವರ್ಷಗಳ ಅವಧಿಯಿದೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಗಳು ಬರುತ್ತಿದ್ದ ಮಾತ್ರಕ್ಕೆ, ನೀವು ಜ್ಞಾಪನಾ ಪತ್ರ ಬರೆಯುತ್ತಿದ್ದ ಮಾತ್ರಕ್ಕೆ ಅದು ಮುಂದಕ್ಕೆ ಹೋಗುವುದಿಲ್ಲ; ಅವಧಿಯೊಳಗೆ ಬಾಕಿಯನ್ನು ಒಪ್ಪಿಕೊಂಡ ಸಹಿಯಿರುವ ಪತ್ರ ಬೇಕು. ದೋಷ ಹೊಣೆಗಾರಿಕೆಯ ಅವಧಿ ಮುಗಿದ ವಾರವೇ ರಿಟೆನ್ಷನ್ ಹಣ (ಬಿಲ್ಲುಗಳಿಂದ ಹಿಡಿದಿಟ್ಟ ಮೊತ್ತ) ಮತ್ತು ಬ್ಯಾಂಕ್ ಗ್ಯಾರಂಟಿ ವಾಪಸ್ ಕೇಳಿ ಅರ್ಜಿ ಕೊಡಿ, ಗ್ಯಾರಂಟಿಯ ಮೂಲಪ್ರತಿ ಕೈಸೇರಿ ಬ್ಯಾಂಕು ಅದಕ್ಕಾಗಿ ಹಿಡಿದಿಟ್ಟ ಮಾರ್ಜಿನ್ ಹಣವನ್ನು ಬಿಡುಗಡೆ ಮಾಡುವವರೆಗೆ ಆ ಕಾಮಗಾರಿಯ ಕಡತವನ್ನು ಮುಚ್ಚಬೇಡಿ.